ವೇಶ್ಯಾವಾಟಿಕೆ ಕಾನೂನಿನಲ್ಲಿ ಧರ್ಮ, ನೀತಿ: ಚರ್ಚಾಸ್ಪರ್ಧೆಗೆ ತಯಾರಿ ಹೇಗೆ?

ತುಮಕೂರು, ಕೋಲಾರದ ಕಾಲೇಜುಗಳಲ್ಲಿ ಈ ವಿಷಯ ಕೊಟ್ಟರೆ, ಭಾಷಣ ಬರೆಯುವ ಮೊದಲು 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ ಓದಿ. ಬಹಳಷ್ಟು ತಂಡಗಳು ಎಡವುವುದು ಮೊದಲ ವಾಕ್ಯದಲ್ಲೇ: ‘ನಮ್ಮಲ್ಲಿ ವೇಶ್ಯಾವೃತ್ತಿಯೇ ಅಪರಾಧ’ ಎನ್ನುತ್ತಾರೆ. ವಯಸ್ಕರು ಒಪ್ಪಿ, ಖಾಸಗಿಯಾಗಿ ಮಾಡಿದರೆ ಅದೊಂದೇ ಅಪರಾಧವಲ್ಲ. ವೇಶ್ಯಾಗೃಹ ನಡೆಸುವುದು (ಸೆಕ್ಷನ್ 3), ಬೇರೆಯವರ ಆ ದುಡಿಮೆಯ ಮೇಲೆ ಬದುಕುವುದು (4), ಬೀದಿಯಲ್ಲಿ ಗಿರಾಕಿ ಕರೆಯುವುದು (8) ಅಪರಾಧ.

ಸೆಕ್ಷನ್ 7ಕ್ಕೆ ಹೆಚ್ಚು ಸಮಯ ಕೊಡಿ. ಪೂಜಾಸ್ಥಳ, ಶಾಲೆ, ಹಾಸ್ಟೆಲ್, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ವೇಶ್ಯಾವೃತ್ತಿಗೆ ನಿಷೇಧ. ತುಮಕೂರಿನ ಬಿ.ಎಚ್. ರಸ್ತೆಯ 1:5000 ನಕ್ಷೆ ತೆಗೆದು, ಇಂಥ ಪ್ರತಿ ಜಾಗಕ್ಕೂ ಕೈವಾರದಲ್ಲಿ 4 ಸೆಂ.ಮೀ. (ಅಂದರೆ 200 ಮೀಟರ್) ತ್ರಿಜ್ಯದ ವೃತ್ತ ಎಳೆಯಿರಿ. ಉಳಿಯುವ ಜಾಗ ನೋಡಿದರೆ ತೀರ್ಪುಗಾರರಿಗೆ ಬೇರೆ ವಿವರಣೆಯೇ ಬೇಡ.

ಧರ್ಮ, ನೀತಿ ಎರಡನ್ನೂ ಒಂದೇ ಮೂಟೆ ಕಟ್ಟಬೇಡಿ. 1999ರಲ್ಲಿ ಸ್ವೀಡನ್ ಗಿರಾಕಿಯನ್ನು ಅಪರಾಧಿಯಾಗಿಸಿದ್ದು ಲಿಂಗ ಸಮಾನತೆಯ ಹೆಸರಲ್ಲಿ. ಅದೂ ನೀತಿಯೇ, ಧರ್ಮವಲ್ಲ. ನ್ಯೂಜಿಲೆಂಡ್ 2003ರಲ್ಲಿ ವಯಸ್ಕರ ವೃತ್ತಿಯನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯಿತು. ನಮ್ಮ ಕರ್ನಾಟಕದ್ದೇ ಆದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಧಾರ್ಮಿಕ ಪದ್ಧತಿಯ ವಿರುದ್ಧವೇ ಬಂದದ್ದು. ಈ ಕಾನೂನನ್ನು ರೂಪಿಸಿದ್ದು ಧರ್ಮ, ನೀತಿಯೇ ಎಂದು ವಾದಿಸುವ ಪರ ತಂಡ ಇದನ್ನು ಮರೆತರೆ ಎದುರಾಳಿ ಖಂಡಿತ ಎತ್ತುತ್ತಾರೆ.

ಖಂಡನೆಯ ಸುತ್ತಿನಲ್ಲಿ ಬಳಸಲು ‘ಸಾಂವಿಧಾನಿಕ ನೈತಿಕತೆ’ಯನ್ನು (ಕಾನೂನನ್ನು ಸಮಾಜದ ನೀತಿಯಿಂದಲ್ಲ, ಸಂವಿಧಾನದ ಮೌಲ್ಯಗಳಿಂದ ಅಳೆಯುವುದು) ಇಟ್ಟುಕೊಳ್ಳಿ: ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377ರ ಕುರಿತ 2018ರ ಸುಪ್ರೀಂ ಕೋರ್ಟ್ ತೀರ್ಪು. ಅದೇ ಕೋರ್ಟಿನ 2022ರ ಮೇ 19ರ ಆದೇಶವೂ ಜೊತೆಗಿರಲಿ; ದಾಳಿಯಲ್ಲಿ ಸಿಕ್ಕ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸಿ ಕಿರುಕುಳ ಕೊಡಬಾರದು ಎಂದಿದೆ. ಈ ಆದೇಶ ವೇಶ್ಯಾವೃತ್ತಿಯನ್ನು ‘ಕಾನೂನುಬದ್ಧಗೊಳಿಸಿತು’ ಎಂದರೆ ಅಂಕ ಹೋಯಿತು.