ಹಣ್ಣು ನೊಣಕ್ಕೆ ವಾಸನೆಯ ಬಲೆ ಕಟ್ಟುವ ಬಗೆ

ಮಲೆನಾಡಿನ ಸಾಗರದ ಕಡೆಯ ನಮ್ಮ ಹಿತ್ತಲಲ್ಲಿ ಮಾವು, ಪೇರಲೆ ಇವೆ. ಮಳೆಗಾಲಕ್ಕೆ ಹಾಗಲ, ಹೀರೆ ಚಪ್ಪರ. ಎಲ್ಲದಕ್ಕೂ ಒಂದೇ ಬಲೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾವು, ಪೇರಲೆ ಕೆಡಿಸುವ ನೊಣ ಮಿಥೈಲ್ ಯೂಜಿನಾಲ್ ವಾಸನೆಗೆ ಬರುತ್ತದೆ. ಹಾಗಲ, ಸೌತೆ, ಹೀರೆಯ ನೊಣಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ವಾಸನೆ ಬೇಕು.

ಎರಡಕ್ಕೂ ಬೀಳುವುದು ಹೆಚ್ಚಾಗಿ ಗಂಡು. ಮೊಟ್ಟೆ ಇಡುವುದು ಹೆಣ್ಣು, ಅಲ್ವಾ? ಗಂಡು ಕಡಿಮೆಯಾದರೆ ಹೆಣ್ಣಿಗೆ ಜೋಡಿ ಸಿಗುವುದು ಕಷ್ಟ. ಆದ್ದರಿಂದ ಕಾಯಿ ಬಲಿಯುವ ಮೊದಲೇ ಬಲೆ ಕಟ್ಟಿ. ಹಣ್ಣಲ್ಲಿ ಹುಳ ಕಂಡ ಮೇಲೆ ಕಟ್ಟಿದರೆ ಆ ಹಣ್ಣು ಉಳಿಯುವುದಿಲ್ಲ.

ತುಳಸಿಯಲ್ಲೂ ಮಿಥೈಲ್ ಯೂಜಿನಾಲ್ ಇದೆ. ಒಂದು ಹಿಡಿ ಎಲೆ ಜಜ್ಜಿ ಪೇರಲೆ ಬುಡದಲ್ಲಿಡಿ. ಬೆನ್ನಿನ ಎರಡೂ ಬದಿ ಹಳದಿ ಗೆರೆಯಿರುವ ನೊಣ ಬಂದು ಎಲೆಯ ರಸ ನೆಕ್ಕುತ್ತದೆ. ಆದರೆ ವಾಸನೆ ಬೇಗ ಆರುತ್ತದೆ, ತೋಟಕ್ಕೆ ಅಂಗಡಿಯ ಲ್ಯೂರೇ (ಈ ವಾಸನೆ ಹೀರಿಸಿದ ತುಂಡು) ವಾಸಿ.

ನೀರಿನ ಬಾಟಲಿಯ ಮೇಲ್ಭಾಗದಲ್ಲಿ ಬೆರಳು ತೂರುವಷ್ಟು ತೂತು ಮಾಡಿ. ಲ್ಯೂರ್ ತುಂಡನ್ನು ತಂತಿಯಲ್ಲಿ ಒಳಗೆ ಇಳಿಬಿಡಿ, ತಳಕ್ಕೆ ಸ್ವಲ್ಪ ಸೋಪಿನ ನೀರು ಹಾಕಿ. ಲ್ಯೂರ್ ಬಾಟಲಿಯ ಹೊರಗೆ ತಾಗಬಾರದು, ತಾಗಿದರೆ ನೊಣ ಹೊರಗೇ ಕೂರುತ್ತದೆ. ಎದೆಯೆತ್ತರದ ನೆರಳಿನ ಕೊಂಬೆಗೆ ಕಟ್ಟಿ. ನಮ್ಮ ಮಳೆಗೆ ಮೇಲೊಂದು ಅಡಿಕೆ ಹಾಳೆ ಬೇಕೇ ಬೇಕು. ತಂತಿಗೆ ಗ್ರೀಸ್ ಹಚ್ಚಿದರೆ ಇರುವೆ ಇಳಿಯುವುದಿಲ್ಲ.

ಉದುರಿದ ಹಣ್ಣನ್ನು ಮಾತ್ರ ಗೊಬ್ಬರಗುಂಡಿಗೆ ಹಾಕಬೇಡಿ. ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ದಿನಾ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬಿಸಿಲಿಗೆ ಇಡಿ.