ಚಂಡಮಾರುತ ಹೋದ ಮೇಲೆ: ನೆರೆಹೊರೆ ಸೇರಿ ಊರನ್ನು ಮತ್ತೆ ನಿಲ್ಲಿಸುವುದು ಹೇಗೆ?

2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕಕ್ಕೆ ಸೇರಿದ ಪೋರ್ಟೊರಿಕೊ ದ್ವೀಪವನ್ನು ಒಂದೇ ದಿನದಲ್ಲಿ ದಾಟಿ ಹೋಯಿತು. ಸತ್ತವರು 64 ಮಂದಿ ಎಂದು ಸರ್ಕಾರ ತಿಂಗಳುಗಟ್ಟಲೆ ಹೇಳುತ್ತಾ ಬಂತು. ಮರುವರ್ಷ ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಹೊರಬಂದಾಗ ಆ ಲೆಕ್ಕ 2,975ಕ್ಕೆ ಏರಿತು. ಮಾಮೂಲಿಗಿಂತ ಎಷ್ಟು ಜನ ಜಾಸ್ತಿ ಸತ್ತರು ಎಂದು ಸುಮಾರು ಆರು ತಿಂಗಳ ಅವಧಿಗೆ ಹಾಕಿದ ಅಂದಾಜು ಅದು. ಗಾಳಿ ನಿಂತ ಮೇಲೂ ಸಾವು ನಿಂತಿರಲಿಲ್ಲ. ಕರೆಂಟ್ ಇಲ್ಲ, ಶುದ್ಧ ನೀರಿಲ್ಲ, ಔಷಧಿ ಇಲ್ಲ, ಆಸ್ಪತ್ರೆಗೆ ಹೋಗಲು ರಸ್ತೆಯಿಲ್ಲ.

ಈ ಸಾವುಗಳಲ್ಲಿ ಎಷ್ಟೋ ತಪ್ಪಿಸಬಹುದಾದವು. ಹೊರಗಿನ ನೆರವು ತಲುಪಲು ದಿನಗಳು ಬೇಕು. ಅಲ್ಲಿಯವರೆಗೆ ಕೆಲಸ ಮಾಡಬೇಕಾದವರು ಅಕ್ಕಪಕ್ಕದ ಮನೆಯವರೇ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬುದು ಇಲ್ಲಿದೆ.

1. ಹೊರಗೆ ಬರಲು ಅವಸರ ಬೇಡ

ಗಾಳಿ ಇದ್ದಕ್ಕಿದ್ದಂತೆ ನಿಂತರೆ ಚಂಡಮಾರುತ ಮುಗಿಯಿತು ಎಂದುಕೊಳ್ಳಬೇಡಿ. ಅದರ ಕಣ್ಣು, ಅಂದರೆ ನಟ್ಟನಡುವಿನ ಶಾಂತ ಭಾಗ, ನಿಮ್ಮ ಮೇಲೆ ಹಾದು ಹೋಗುತ್ತಿರಬಹುದು. ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಅಷ್ಟೇ ಜೋರಾದ ಗಾಳಿ ಬೀಸುತ್ತದೆ. ರೇಡಿಯೊದಲ್ಲಿ ಅಧಿಕೃತ ಸೂಚನೆ ಬರುವವರೆಗೆ ಒಳಗೇ ಇರಿ.

ಹೊರಗೆ ಬಂದ ಮೇಲೆ ಎರಡು ವಿಷಯ ನೆನಪಿಡಿ. ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನು ಕೆಡವಬಲ್ಲದು. ಎರಡು ಅಡಿ ಇದ್ದರೆ ಹೆಚ್ಚಿನ ವಾಹನಗಳನ್ನು ಎಳೆದೊಯ್ಯುತ್ತದೆ. ಇನ್ನು ಬಿದ್ದಿರುವ ಯಾವ ತಂತಿಯಲ್ಲೂ ಕರೆಂಟ್ ಇದೆ ಎಂದೇ ಭಾವಿಸಿ, ಕನಿಷ್ಠ 10 ಮೀಟರ್ ದೂರ ಇರಿ.

2. ಮನೆಮನೆಗೆ ಹೋಗಿ, ಬರೆದಿಟ್ಟುಕೊಳ್ಳಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಅವಶೇಷ ತೆಗೆಯುವ ಮೊದಲು, ಚಾವಣಿ ಮುಚ್ಚುವ ಮೊದಲು, ಬೀದಿಗೆ ಇಬ್ಬರಂತೆ ಜೊತೆಯಾಗಿ ಒಂದು ನೋಟ್‌ಬುಕ್ ಹಿಡಿದು ಹೊರಡಿ. ಪ್ರತಿ ಮನೆಯ ಬಾಗಿಲು ತಟ್ಟಿ. ಒಳಗೆ ಎಷ್ಟು ಜನ ಇದ್ದಾರೆ? ಯಾರಿಗೆ ಗಾಯವಾಗಿದೆ? ಡಯಾಲಿಸಿಸ್, ಇನ್ಸುಲಿನ್, ಆಮ್ಲಜನಕ ಯಂತ್ರ ಯಾರಿಗೆ ಬೇಕು? ಹಾಸಿಗೆ ಹಿಡಿದವರು, ಗರ್ಭಿಣಿಯರು, ಎಳೆಗೂಸುಗಳು ಎಲ್ಲಿದ್ದಾರೆ? ಊರು ಬಿಟ್ಟವರು ಎಲ್ಲಿಗೆ ಹೋದರು, ಅವರ ಫೋನ್ ನಂಬರ್ ಏನು? ಎಲ್ಲವನ್ನೂ ಕಾಗದದ ಮೇಲೆ ಬರೆಯಿರಿ. ಫೋನ್‌ನಲ್ಲಿ ಬರೆದಿಟ್ಟರೆ ಬ್ಯಾಟರಿ ಮುಗಿದ ಮೇಲೆ ಪ್ರಯೋಜನವಿಲ್ಲ. ಜತೆಗೆ ಯಾರ ಬಳಿ ಏನಿದೆ ಎಂಬುದನ್ನೂ ಬರೆಯಿರಿ: ನರ್ಸ್, ಎಲೆಕ್ಟ್ರಿಷಿಯನ್, ದೋಣಿ, ಗರಗಸ, ದೊಡ್ಡ ಪಾತ್ರೆ, ಸೋಲಾರ್ ದೀಪ.

ನೋಡಿ ಬಂದ ಮನೆಗೆ ಗುರುತು ಹಾಕಿ. 2005ರ ಕತ್ರಿನಾ ಚಂಡಮಾರುತದ ನಂತರ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ರಕ್ಷಣಾ ತಂಡಗಳು ಮನೆಗಳ ಮುಂದೆ ಬಣ್ಣದಲ್ಲಿ ದೊಡ್ಡ ಗುಣಾಕಾರ ಚಿಹ್ನೆ ಬರೆದಿದ್ದವು. ಎಡಗಡೆ ತಂಡದ ಹೆಸರು, ಮೇಲೆ ದಿನಾಂಕ, ಬಲಕ್ಕೆ ಒಳಗಿನ ಅಪಾಯ, ಕೆಳಗೆ ಸಿಕ್ಕ ಜನರ ಸಂಖ್ಯೆ. ನೀವು ಅಷ್ಟೆಲ್ಲ ಬರೆಯಬೇಕಾಗಿಲ್ಲ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಿನಾಂಕ ಮತ್ತು ಜನರ ಸಂಖ್ಯೆ ಬರೆದರೂ ಸಾಕು. ಒಂದೇ ಮನೆಗೆ ಮೂರು ಸಲ ಹೋಗಿ, ಪಕ್ಕದ ಮನೆಯನ್ನು ಮರೆಯುವುದು ಇದರಿಂದ ತಪ್ಪುತ್ತದೆ.

ಈ ಪಟ್ಟಿ ಕೈಯಲ್ಲಿದ್ದರೆ ಹೊರಗಿನಿಂದ ಬಂದ ತಂಡಕ್ಕೆ 'ನಮಗೆ ಸಹಾಯ ಮಾಡಿ' ಎನ್ನುವ ಬದಲು 'ಈ ಬೀದಿಯಲ್ಲಿ ಇನ್ಸುಲಿನ್ ಬೇಕಾದವರು ನಾಲ್ಕು ಜನ' ಎನ್ನಬಹುದು. ಎರಡಕ್ಕೂ ತುಂಬಾ ವ್ಯತ್ಯಾಸವಿದೆ ಅಲ್ವಾ? ಫೋನ್ ಸತ್ತಿದ್ದರೆ ನೆಲವನ್ನೇ ಬಳಸಿ. ಮರಿಯಾದ ನಂತರ ಪೋರ್ಟೊರಿಕೊದ ಪುಂತಾ ಸಾಂತಿಯಾಗೊ ಎಂಬಲ್ಲಿ ಜನ ರಸ್ತೆಯ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ 'ನೀರು, ಆಹಾರ ಬೇಕು' ಎಂದು ಬರೆದಿದ್ದರು. ಅದು ಆಕಾಶದಿಂದ ಕಾಣಿಸಿತು.

3. ನೀರು

ನಲ್ಲಿಯಲ್ಲಿ ನೀರು ಬಂದರೂ ಅದು ಕುಡಿಯಲು ಯೋಗ್ಯ ಎಂದು ಅಧಿಕಾರಿಗಳು ಹೇಳುವವರೆಗೆ ನಂಬಬೇಡಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಹಾಗೇ ಬಿಡಿ. ಒಲೆ ಹಚ್ಚಲು ಆಗದಿದ್ದರೆ ಸುವಾಸನೆ ಬೆರೆಸದ ಮನೆಬಳಕೆಯ ಬ್ಲೀಚ್ ಬಳಸಬಹುದು. 5ರಿಂದ 9 ಪರ್ಸೆಂಟ್ ತೀಕ್ಷ್ಣತೆಯದ್ದಾದರೆ ಲೀಟರಿಗೆ 2 ಹನಿ ಸಾಕು. ಕದಡಿದ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ, ಆಮೇಲೂ ಕದಡಿದ್ದರೆ 4 ಹನಿ ಹಾಕಿ. ಕಲಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಪೆಟ್ರೋಲ್ ಅಥವಾ ಬೇರೆ ರಾಸಾಯನಿಕ ಬೆರೆತ ನೀರಾದರೆ ಕುದಿಸಿದರೂ ಬ್ಲೀಚ್ ಹಾಕಿದರೂ ಸರಿಹೋಗದು.

ಪರಿಹಾರ ಕೇಂದ್ರಗಳಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕುಡಿಯಲು, ಅಡುಗೆಗೆ, ಸ್ವಚ್ಛತೆಗೆ ಎಲ್ಲ ಸೇರಿ ಇಷ್ಟು. ಟ್ಯಾಂಕರ್ ಕೇಳುವಾಗ ಪಟ್ಟಿಯಲ್ಲಿರುವ ಜನಸಂಖ್ಯೆಯನ್ನು ಇದರಿಂದ ಗುಣಿಸಿ ಕೇಳಿ.

ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಮರಿಯಾದ ನಂತರ ಪೋರ್ಟೊರಿಕೊದಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಂಡಿತ್ತು. ನೆರೆಯ ಮರುವಾರ ಜ್ವರ, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೀರಿನಲ್ಲಿ ನಡೆದಿದ್ದನ್ನು ವೈದ್ಯರಿಗೆ ಹೇಳಿ.

4. ಜನರೇಟರ್: ಮನೆಯಿಂದ ದೂರ

ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಜನರೇಟರ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. 2020ರಲ್ಲಿ ಲಾರಾ ಚಂಡಮಾರುತ ಅಮೆರಿಕದ ಲೂಯಿಸಿಯಾನ ರಾಜ್ಯಕ್ಕೆ ಅಪ್ಪಳಿಸಿದ ಮೇಲೆ ಹಲವರು ಸತ್ತದ್ದು ಈ ಹೊಗೆಯಿಂದಲೇ. ಗಾಳಿಯನ್ನು ಗೆದ್ದು ಬಂದವರು ಹೀಗೆ ಸಾಯುವುದು ನಿಜಕ್ಕೂ ಸಂಕಟ ತರುತ್ತದೆ.

ಜನರೇಟರನ್ನು ಮನೆಯಿಂದ ಕನಿಷ್ಠ 6 ಮೀಟರ್ ದೂರ ಬಯಲಿನಲ್ಲಿಡಿ. ಕಿಟಕಿ ತೆರೆದಿದ್ದರೂ ಗ್ಯಾರೇಜ್, ವರಾಂಡ ಬೇಡ. ಮನೆಯ ಸಾಕೆಟ್‌ಗೆ ನೇರವಾಗಿ ಚುಚ್ಚಬೇಡಿ. ಆ ಕರೆಂಟ್ ಹಿಂದಕ್ಕೆ ಹರಿದು ಬೀದಿಯ ತಂತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ನನ್ನು ಕೊಲ್ಲಬಹುದು.

ಮನೆಗೊಂದು ಜನರೇಟರ್ ಬದಲು ಬೀದಿಗೊಂದು ಚಾರ್ಜಿಂಗ್ ಜಾಗ ಮಾಡಿಕೊಳ್ಳುವುದು ಒಳ್ಳೆಯದು. ಪೋರ್ಟೊರಿಕೊದ ಅಧುಂತಾಸ್ ಪಟ್ಟಣದ ಕಾಸಾ ಪ್ವೆಬ್ಲೊ ಎಂಬ ಸಮುದಾಯ ಸಂಸ್ಥೆಗೆ ಸೋಲಾರ್ ಫಲಕಗಳಿದ್ದವು. ಮರಿಯಾದ ನಂತರ ಇಡೀ ದ್ವೀಪ ಕತ್ತಲಲ್ಲಿದ್ದಾಗ ಜನ ಅಲ್ಲಿಗೆ ಬಂದು ಫೋನ್ ಚಾರ್ಜ್ ಮಾಡಿಕೊಂಡರು, ಉಸಿರಾಟದ ಯಂತ್ರಗಳನ್ನು ನಡೆಸಿಕೊಂಡರು. ಕರೆಂಟ್ ಎಲ್ಲ ಮನೆಗೂ ಮರಳಲು ಸುಮಾರು 11 ತಿಂಗಳು ಹಿಡಿದ ದ್ವೀಪವದು. ಸರದಿ ಹಾಕುವಾಗ ಯಂತ್ರದ ಮೇಲೆ ಬದುಕಿರುವವರು ಮೊದಲು, ಫೋನ್‌ಗಳು ಆಮೇಲೆ.

5. ಊಟ: ಒಂದೇ ಒಲೆ

ಕರೆಂಟ್ ಹೋದ ಮೇಲೆ ಬಾಗಿಲು ತೆರೆಯದ ಫ್ರಿಜ್ 4 ಗಂಟೆ ತಂಪಾಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಆದ್ದರಿಂದ ಮೊದಲ ದಿನವೇ ಎಲ್ಲರ ಮನೆಯ ಬೇಗ ಕೆಡುವ ಪದಾರ್ಥ ಒಂದೆಡೆ ತಂದು ಬೇಯಿಸಿ ಹಂಚಿ. ಇಂಧನ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಊಟಕ್ಕೆ ಯಾರು ಬರಲಿಲ್ಲ ಎಂಬುದು ತಕ್ಷಣ ಗೊತ್ತಾಗುತ್ತದೆ. ಬಾರದವರ ಮನೆಗೆ ಒಬ್ಬರು ಹೋಗಿ ನೋಡಿ ಬನ್ನಿ.

ಹಲವು ದಿನ ಮುಚ್ಚಿಟ್ಟು ಕೊಳೆತ ಫ್ರಿಜ್ ತೆರೆಯಲೇಬೇಡಿ. ಅಂಟುಪಟ್ಟಿ ಸುತ್ತಿ ಹಾಗೇ ಹೊರಗಿಡಿ. ಕತ್ರಿನಾ ನಂತರ ನ್ಯೂ ಆರ್ಲಿಯನ್ಸ್ ಬೀದಿಗಳ ಉದ್ದಕ್ಕೂ ಇಂಥ ಫ್ರಿಜ್‌ಗಳು ಸಾಲಾಗಿ ನಿಂತಿದ್ದವು.

6. ಮೊದಲು ಫೋಟೊ, ಆಮೇಲೆ ಪೊರಕೆ

ವಿಮೆ ಅಥವಾ ಸರ್ಕಾರಿ ಪರಿಹಾರ ಕೇಳಲು ಸಾಕ್ಷಿ ಬೇಕು. ಪ್ರತಿ ಕೋಣೆ, ಗೋಡೆಯ ಮೇಲಿನ ನೀರಿನ ಗೆರೆ, ಹಾಳಾದ ಸಾಮಾನಿನ ಮಾಡೆಲ್ ನಂಬರ್ ಫೋಟೊ ತೆಗೆದು ಆಮೇಲೆ ಎತ್ತಿ. ಆದರೆ ತಡಮಾಡಬೇಡಿ. 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಕೊಳೆನೀರು ಹೀರಿದ ಹಾಸಿಗೆ, ಕಾರ್ಪೆಟ್ ಉಳಿಸಿಕೊಳ್ಳುವ ಆಸೆ ಬಿಡಿ. ಮಾಸ್ಕ್, ಗ್ಲೌಸ್, ಗಟ್ಟಿ ಬೂಟು ಹಾಕಿಕೊಳ್ಳಿ. ಬ್ಲೀಚ್ ಜತೆ ಅಮೋನಿಯಾ ಇರುವ ಯಾವ ದ್ರವವನ್ನೂ ಬೆರೆಸಬೇಡಿ, ವಿಷಗಾಳಿ ಹುಟ್ಟುತ್ತದೆ.

ಅವಶೇಷಗಳನ್ನು ಹೊರಗಿಡುವಾಗ ಕೊಂಬೆ-ಎಲೆ, ಮನೆಯ ಮರ-ಇಟ್ಟಿಗೆ, ಫ್ರಿಜ್‌ನಂಥ ಯಂತ್ರಗಳು, ಬಣ್ಣ-ಕೀಟನಾಶಕ ಇವನ್ನೆಲ್ಲ ಬೇರೆ ಬೇರೆ ರಾಶಿ ಮಾಡಿ. ಬೆರೆಸಿದರೆ ಲಾರಿಯವರು ಬಿಟ್ಟು ಹೋಗಬಹುದು.

ಚಾವಣಿ ಕಟ್ಟಿಕೊಡುತ್ತೇವೆ ಎಂದು ಬಾಗಿಲಿಗೇ ಬರುವ ಅಪರಿಚಿತರಿಗೆ ಪೂರ್ತಿ ಹಣ ಮುಂಗಡ ಕೊಡಬೇಡಿ. ಮೊದಲು ಟಾರ್ಪಾಲಿನ್ ಹಾಕಿ, ಆಮೇಲೆ ನಿಧಾನಕ್ಕೆ ವಿಚಾರಿಸಿ.

7. ಒಟ್ಟಾಗಿ ಕೇಳಿ

ನ್ಯೂ ಆರ್ಲಿಯನ್ಸ್‌ನ ಪೂರ್ವ ಭಾಗದಲ್ಲಿ ವರ್ಸೇಲ್ಸ್ ಎಂಬ ಬಡಾವಣೆಯಿದೆ. ವಿಯೆಟ್ನಾಂನಿಂದ ಬಂದು ನೆಲೆಸಿದವರು ಅಲ್ಲಿ ಜಾಸ್ತಿ. ಕತ್ರಿನಾ ನಂತರ ಚೆಲ್ಲಾಪಿಲ್ಲಿಯಾಗಿದ್ದ ತಮ್ಮ ಜನರನ್ನು ಅಲ್ಲಿನ ಚರ್ಚ್‌ನ ಪಾದ್ರಿ ವಿಯೆನ್ ನುಯೆನ್ ಒಂದೊಂದೇ ಆಶ್ರಯಕೇಂದ್ರಕ್ಕೆ ಹೋಗಿ ಹುಡುಕಿದರು. ವಾಪಸ್ ಬರುವವರ ಹೆಸರುಗಳನ್ನು ಪಟ್ಟಿ ಮಾಡಿ ವಿದ್ಯುತ್ ಕಂಪನಿಯ ಮುಂದಿಟ್ಟರು. ಇಷ್ಟು ಜನ ಗ್ರಾಹಕರು ಇರುತ್ತಾರೆ ಎಂದು ತೋರಿಸಿದ ಮೇಲೆ ಕರೆಂಟ್ ಬಂತು. 2006ರಲ್ಲಿ ಚಂಡಮಾರುತದ ಅವಶೇಷ ಸುರಿಯಲು ಬಡಾವಣೆಯ ಪಕ್ಕದಲ್ಲೇ ಜಾಗ ತೆರೆದಾಗ ಅದೇ ಜನ ಬೀದಿಗಿಳಿದರು. ಆಗಸ್ಟ್‌ನಲ್ಲಿ ಅದು ಮುಚ್ಚಿತು.

ಒಬ್ಬೊಬ್ಬರೇ ಕಚೇರಿಗೆ ಅಲೆದರೆ ಇದು ಆಗುತ್ತಿರಲಿಲ್ಲ. ವಾರಕ್ಕೊಮ್ಮೆ ಸಭೆ ಸೇರಿ. ಬಾಡಿಗೆ ಮನೆಯವರನ್ನೂ ಕರೆಯಿರಿ, ಪರಿಹಾರದ ಲೆಕ್ಕದಲ್ಲಿ ಮೊದಲು ಬಿಟ್ಟು ಹೋಗುವುದು ಅವರನ್ನೇ. ಯಾರ ಅರ್ಜಿ ಎಲ್ಲಿ ನಿಂತಿದೆ ಎಂದು ಬರೆದಿಡಿ.

8. ಮನಸ್ಸು

ಮೊದಲ ವಾರಗಳಲ್ಲಿ ಎಲ್ಲರಲ್ಲೂ ಒಂದು ಹುಮ್ಮಸ್ಸು ಇರುತ್ತದೆ. ಸ್ವಯಂಸೇವಕರು, ಕ್ಯಾಮೆರಾದವರು ಹೊರಟ ಮೇಲೆ ಅದು ಕುಸಿಯುತ್ತದೆ. ಗಾಳಿಯ ಸದ್ದಿಗೆ ಬೆಚ್ಚುವುದು, ಸುಮ್ನೆ ಸಿಟ್ಟು, ನಿದ್ರೆ ಬಾರದಿರುವುದು ಆಗ ಜಾಸ್ತಿ. ಇದು ದೌರ್ಬಲ್ಯವಲ್ಲ. ಮಕ್ಕಳಿಗೆ ಆದಷ್ಟು ಬೇಗ ಪಾಠ, ಆಟ ಶುರು ಮಾಡಿ, ಮರದ ಕೆಳಗಾದರೂ ಸರಿ. ಒಬ್ಬರೇ ಇರುವ ವೃದ್ಧರ ಮನೆಗೆ ಹೋಗುವ ಸರದಿಯನ್ನು ತಿಂಗಳುಗಳ ನಂತರವೂ ನಿಲ್ಲಿಸಬೇಡಿ. ವಾರಗಳು ಕಳೆದರೂ ಯಾರಾದರೂ ಚೇತರಿಸಿಕೊಳ್ಳದಿದ್ದರೆ ವೈದ್ಯರನ್ನು ಕಾಣಲು ಹೇಳಿ. ಹೋಗಲು ಹಿಂಜರಿದರೆ ಜತೆಗೆ ನೀವೂ ಹೋಗಿ.