ಫಾಸ್ಟ್‌ಟ್ರ್ಯಾಕ್ ಪಾಸಿನ ರೊಕ್ಕ ವಸೂಲ್ ಮಾಡಿದ್ದು: ಕಲಬುರಗಿಯಿಂದ ವಂಡರ್‌ಲಾ ಟ್ರಿಪ್, ನನ್ನ ಅನುಭವ

ಡಬಲ್ ರೊಕ್ಕ ಕೊಟ್ಟು ಫಾಸ್ಟ್‌ಟ್ರ್ಯಾಕ್ ಪಾಸ್ ತಗೊಂಡು ಆಟದ ಪಾರ್ಕಿನ್ಯಾಗ ಪಾಳಿ ತಪ್ಪಿಸೂದು ಯಾವ ಶಾಣ್ಯಾತನ ಅಂತ ನಮ್ಮ ಮಾವನೂ ಅಂತಿದ್ರು, ನಮ್ಮಂಗ ಟ್ರಿಪ್ ಮಾಡೂ ಗೆಳ್ಯಾರೂ ಅಂತಿದ್ರು. ದಸರಾ ಸೂಟ್ಯಾಗ ಟೆಂಪೋ ಟ್ರಾವೆಲರ್ ತುಂಬ ಮಂದಿ ಕರಕೊಂಡು ಹೈದ್ರಾಬಾದ್ ವಂಡರ್‌ಲಾಕ್ಕ ಹೋಗಿ, ಅಂಥಾ ಗದ್ದಲದಾಗೂ ದೊಡ್ಡ ಆಟ ಎಲ್ಲಾ ಮುಗಿಸಿ, ರಿಕಾಯ್ಲ್ ಅನ್ನೂ ರೋಲರ್ ಕೋಸ್ಟರ್ ಎರಡು ಸಲ ಹತ್ತಿ ಬಂದ ಮ್ಯಾಲ ಈಗ ಅವರೇ ಫೋನ್ ಮಾಡಿ ಹೆಂಗ ಮಾಡ್ದಿ ಅಂತ ಕೇಳ್ಲಾಕತ್ಯಾರ. ಅದಕ್ಕ ಬರೀಲಾಕತ್ತೀನಿ.

ಮೊದಲು ಏನೇನು ನಡೀಲಿಲ್ಲ ಅದನ್ನ ಹೇಳ್ತೀನಿ. ಒಂದು ಸಲ ಎಲ್ಲಾರಿಗೂ ಪಾಸ್ ತಗೊಂಡ್ವಿ. ದೊಡ್ಡವ್ರು ನೆರಳಿಗೆ ಕುಂತ್ರು, 140 ಸೆಂಟಿಮೀಟರ್ ಆಗದ ಹುಡುಗ್ರನ್ನ ದೊಡ್ಡ ಆಟಕ್ಕ ಬಿಡಂಗೇ ಇಲ್ಲ, ಅರ್ಧಾ ಪಾಸ್ ಕೈಯಾಗೇ ಉಳದು ಹತ್ತಿರಹತ್ತಿರ 10 ಸಾವಿರ ಹೋತು. ಇನ್ನೊಂದು ಸಲ ಯಾರಿಗೂ ತಗೋಲಿಲ್ಲ, ಆಗ ಸಂಜಿ ತನಕ ಮೂರೋ ನಾಕೋ ದೊಡ್ಡ ಆಟ ಅಷ್ಟೇ ಆದವು, ಹುಡುಗ್ರು ಮಾರಿ ಸಣ್ಣ ಮಾಡ್ಕೊಂಡು ಗಾಡಿ ಹತ್ತಿದ್ರು. ಬ್ಯಾರೆ ಊರಿನ ಒಂದು ಪಾರ್ಕಿನ್ಯಾಗ ಪಾಸ್ ತಗೊಂಡ ತಾಸಿನ್ಯಾಗ ಗುಡುಗು ಮಳಿ ಬಂದು ಎತ್ತರದ ಆಟ ಎಲ್ಲಾ ಬಂದ್, ಪಾಸಿನ ರೊಕ್ಕ ವಾಪಸ್ ಕೊಡಂಗಿಲ್ಲ ಅಂದ್ರು. ಅವತ್ತಿನಿಂದ ಮಳಿಗಾಲದಾಗ ಆನ್‌ಲೈನ್ ಸಾದಾ ಟಿಕೆಟ್ ಅಷ್ಟೇ, ಪಾಸ್ ಬೇಕಾದ್ರ ಮುಂಜಾನಿ ಮುಗಿಲು ನೋಡಿ.

ಆಮ್ಯಾಲ ನಾ ಮಾಡಿದ್ದು ಏನಂದ್ರ ಪಾಳಿ ಉದ್ದ ನೋಡೂದು ಬಿಟ್ಟು ಆಟ ತಾಸಿಗೆ ಎಷ್ಟು ಮಂದೀನ ನುಂಗ್ತದ ಅನ್ನೂದು ಲೆಕ್ಕ ಹಾಕಿದ್ದು. ರಿಕಾಯ್ಲ್ ನೋಡ್ರಿ, ಗಾಡಿ ಮುಂದ ಹೋಗಿ ಅದೇ ಹಳಿ ಮ್ಯಾಲ ಹಿಂದಕ್ಕ ಬರ್ತದ, ಅದು ಬರೂತನ ಎರಡನೇ ಗಾಡಿ ಬಿಡ್ಲಿಕ್ಕೆ ಬರಂಗೇ ಇಲ್ಲ. 28 ಸೀಟ್ ಇರಬೇಕು, ಹತ್ತೂದು, ಲಾಕ್ ಚೆಕ್ ಮಾಡೂದು, ಇಳಿಯೂದು ಎಲ್ಲಾ ಹಿಡದು 5 ನಿಮಿಷ ಅಂದ್ರೂ ತಾಸಿಗೆ 330 ಚಿಲ್ಲರೆ ಮಂದಿ, ಅದರಾಗ ಪಾಸಿನವ್ರು ನಡುವ ಬರ್ತಾರ ಅಂದ ಮ್ಯಾಲ ಸಾದಾ ಪಾಳ್ಯಾಗ 400 ಮಂದಿ ಹಿಂದ ನಿಂತವ್ನ ಗತಿ ನೀವೇ ಲೆಕ್ಕ ಹಾಕ್ರಿ. ವೇವ್ ಪೂಲಿಗೆ ಪಾಳಿನೇ ಇಲ್ಲ, ಅಲ್ಲಿ ಪಾಸಿನ ಕೆಲಸ ಏನು? ಅಂದ್ರ ಪಾಸ್ ಬೇಕಾಗೂದು ಬೆರಳೆಣಿಕೆ ಆಟಕ್ಕ, ಅದೂ ನಡುಮಧ್ಯಾಹ್ನ.

ಈ ಸಲ ಟೇಪ್ ಹಿಡದು ಮನ್ಯಾಗೇ ಹುಡುಗ್ರ ಎತ್ತರ ಅಳದು, ಹೆದ್ರದೆ ಹತ್ತತೀನಿ ಅಂದವ್ರ ಹೆಸರು ಅಷ್ಟೇ ಬರಕೊಂಡು ಅವರಿಗೆ ಮಾತ್ರ ಪಾಸ್. ಗೇಟ್ ತೆಗದ ಕೂಡ್ಲೇ ಪಾಸ್ ತೋರಸಲೇ ಇಲ್ಲ, ಸೀದಾ ರಿಕಾಯ್ಲ್, ಸಾದಾ ಪಾಳ್ಯಾಗೇ 15 ನಿಮಿಷಕ್ಕ ಆತು, ಮುಂದಿನ ಒಂದು ತಾಸು ಹಂಗೇ ಸಾದಾ ಪಾಳ್ಯಾಗ. ಪಾಳಿ ಒಂದು ತಾಸಿಗೆ ಮುಟ್ಟಿದ ಮ್ಯಾಲ ಪಾಸ್ ಹೊರಗ ತೆಗದ್ವಿ. ಮಿಷನ್ ಇಂಟರ್‌ಸ್ಟೆಲ್ಲಾರ್, ಸ್ಕೈಟಿಲ್ಟ್, ಮತ್ತ ರಿಕಾಯ್ಲ್, ಎಲ್ಲಾ ಪಾಸ್ ಮ್ಯಾಲ. ಪಾಸ್ ಇಲ್ಲದವ್ರು ಅಷ್ಟೊತ್ತಿಗೆ ನೀರಿನ ಕಡೆ. ಊಟದ ಹೊತ್ತಿಗೆ ಯಾವ ಆಟಕ್ಕ ಹೋಗ್ತೀವಿ ಅನ್ನೂದು ಮಾತ್ರ ಇಲ್ಲಿ ಬರಿಯಂಗಿಲ್ಲ, ಅದು ನಮ್ಮ ಗಾಡ್ಯಾಗ ಬಂದವ್ರಿಗೆ ಅಷ್ಟೇ.

ರೊಕ್ಕದ ಮಾತು. ಟಿಕೆಟ್ ರೇಟ್ ದಿನದ ಮ್ಯಾಲ ಏರಿಳಿತದ, ನಮಗ ಸಾದಾ 1500ರ ಆಸುಪಾಸು ಬಿತ್ತು, ಪಾಸ್ ಇದ್ದದ್ದು ಅದರ ಡಬಲ್‌ಗೆ ಸ್ವಲ್ಪ ಕಮ್ಮಿ. ಟೆಂಪೋ ಟ್ರಾವೆಲರ್ ಬಾಡಗಿ, ಡ್ರೈವರ್ ಭತ್ಯೆ, ತೆಲಂಗಾಣದ ಪರ್ಮಿಟ್, ರಿಂಗ್ ರೋಡಿನ ಟೋಲ್ ಸೇರಿ 15 ಸಾವಿರದ ಮ್ಯಾಲೇ. ನಸಿಕಿನ್ಯಾಗ 4ಕ್ಕ ಬಿಟ್ಟು ಸೇಡಂ ಮ್ಯಾಲೆ ಹೋಗಿ ಔಟರ್ ರಿಂಗ್ ರೋಡಿನ ಎಕ್ಸಿಟ್ 13 ರಾವಿರ್ಯಾಲದಾಗ ಇಳದ್ರ ಗೇಟ್ ತೆಗಿಯೂದ್ರಾಗ ಅಲ್ಲೇ ಇರ್ತೀರಿ. ಹೊರಗಿನ ಊಟ ಒಳಗ ಬಿಡಂಗಿಲ್ಲ, ರೊಟ್ಟಿ ಶೇಂಗಾ ಹಿಂಡಿ ಗಾಡ್ಯಾಗೇ ಮುಗಸ್ರಿ, ಅದರಿಂದಲೂ ಮಂದಿಗೆ 200 ಉಳೀತದ.

ಪಾಸೇ ಬ್ಯಾಡಾದ ದಿನಾನೂ ಅದ. ನವೆಂಬರ್ 1 ನಮಗ ಸೂಟಿ, ತೆಲಂಗಾಣದವ್ರಿಗೆ ಕೆಲಸದ ದಿನ, ವಾರದ ನಡುವ ಬಂದು ದೀಪಾವಳಿ ಹತ್ರ ಇಲ್ಲದಿದ್ರ ಕಣ್ಣು ಮುಚ್ಚಿ ಸಾದಾ ಟಿಕೆಟ್ ತಗೋರಿ. ಉಲ್ಟಾ, ಸಂಕ್ರಾಂತಿ ಹೊತ್ತಿನ್ಯಾಗ ಪಾಸಿನ ಪಾಳಿನೇ ಜಾತ್ರಿ ಆಗ್ತದ.

ಸಿಂಗಾಪುರದ ಯುನಿವರ್ಸಲ್ ಸ್ಟುಡಿಯೋಸ್ ಪಾರ್ಕಿಗೆ ಒಮ್ಮೆ ಹೋದಾಗ ಇನ್ನೊಂದು ಪ್ರಯೋಗ ಮಾಡಿದ್ವಿ. ಅಲ್ಲಿ ಎಕ್ಸ್‌ಪ್ರೆಸ್ ಪಾಸ್ ಒಂದು ಆಟಕ್ಕ ಒಂದೇ ಸಲ, ಮತ್ತಮತ್ತ ಹತ್ತಬೇಕಂದ್ರ ಅನ್‌ಲಿಮಿಟೆಡ್ ತಗೋಬೇಕು. ಆದ್ರ ಕೆಲವು ಆಟಕ್ಕ ಸಿಂಗಲ್ ರೈಡರ್ ಪಾಳಿ ಬ್ಯಾರೆ ಇರ್ತದ, ಖಾಲಿ ಉಳದ ಒಂಟಿ ಸೀಟಿಗೆ ಕರೀತಾರ. ಟ್ರಾನ್ಸ್‌ಫಾರ್ಮರ್ಸ್ ಅನ್ನೂ ಆಟಕ್ಕ ನಮ್ಮ ಅಳಿಯ ಪಾಸ್ ಮ್ಯಾಲ ಹೋದ, ನಾ ಸಿಂಗಲ್ ರೈಡರ್ ಹಿಡದೆ, ಅವ ಇಳದು 10 ನಿಮಿಷಕ್ಕ ನಾನೂ ಇಳದೆ, ಫುಕಟ್. ಜೋಡಿ ಕೂಡಬೇಕು ಅನ್ನವ್ರಿಗೆ ಇದು ಆಗಿ ಬರಂಗಿಲ್ಲ.

ಮುಂದಿನ ಟ್ರಿಪ್ ಮಹಾರಾಷ್ಟ್ರದ ಖೋಪೋಲಿ ಹತ್ರದ ಇಮ್ಯಾಜಿಕಾ ಪಾರ್ಕಿಗೆ, ಸೊಲ್ಲಾಪುರ ಪುಣೆ ಮ್ಯಾಲೆ. ಅಲ್ಲಿನ ನೈಟ್ರೊ ರೋಲರ್ ಕೋಸ್ಟರ್ ತಾಸಿಗೆ ಎಷ್ಟು ಮಂದೀನ ಹತ್ತಸ್ತದ ಅಂತ ಯಾರರೆ ಎಣಿಸಿದ್ರ ತಿಳಸ್ರಿ, ಅದರ ಮ್ಯಾಲೆ ಎಷ್ಟು ಪಾಸ್ ತಗೋಬೇಕು ಅಂತ ಲೆಕ್ಕ ಹಾಕೂದದ.